ಪಿಕಪ್‌ಗೆ ಡೀಸೆಲ್ಲೋ ಪೆಟ್ರೋಲೋ? ಮೊದಲು ಒಂದು ಹಾಳೆ ತಗೊಳ್ಳಿ

ಪಿಕಪ್ ಕೊಳ್ಳಲು ಹೊರಟವರು ಯಾರನ್ನೇ ಕೇಳಲಿ, ಸಿಗುವ ಸಲಹೆ ಒಂದೇ. ‘ಲೋಡ್ ಹೊರುವ ಗಾಡಿ ಅಲ್ವಾ, ಡೀಸೆಲ್ಲೇ ತಗೊಳ್ಳಿ.’ ಒಂದು ಕಾಲಕ್ಕೆ ಈ ಮಾತಿಗೆ ಎದುರಾಡುವ ಹಾಗಿರಲಿಲ್ಲ. ಈಗ ಎದುರಾಡಬಹುದು. ಪೆಟ್ರೋಲ್ ಎಂಜಿನ್‌ಗೂ ಟರ್ಬೊ, ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಸಾಧನ, ಬಂದಿದೆ. ಡೀಸೆಲ್ ಎಂಜಿನ್‌ನ ಹೊಗೆ ಕೊಳವೆಗೆ ಒಂದು ಸಣ್ಣ ಕಾರ್ಖಾನೆಯೇ ಸೇರಿಕೊಂಡಿದೆ. ಹಾಗಾಗಿ ಎಂಜಿನ್ ಆರಿಸುವ ಕೆಲಸ ಷೋರೂಮಿನಲ್ಲಲ್ಲ, ಮನೆಯಲ್ಲಿ ಒಂದು ಹಾಳೆ, ಪೆನ್ನು ಹಿಡಿದು ಶುರುವಾಗಬೇಕು.

ಹಂತ 1: ಹದಿನೈದು ದಿನದ ಓಡಾಟ ಬರೆಯಿರಿ

ಈಗಿರುವ ಗಾಡಿ ಯಾವುದೇ ಇರಲಿ, ಕೀ ತಿರುಗಿಸಿದಾಗಲೆಲ್ಲ ಒಂದು ಸಾಲು ಬರೆಯಿರಿ. ಎಷ್ಟು ಕಿ.ಮೀ., ಎಷ್ಟು ನಿಮಿಷ, ಹಿಂದೆ ಎಷ್ಟು ಭಾರ, ಟ್ರೇಲರ್ ಇತ್ತೋ ಇಲ್ಲವೋ. ಅಂದಾಜು ಬೇಡ, ಮೀಟರ್ ನೋಡಿಯೇ ಬರೆಯಿರಿ.

ಹದಿನೈದು ದಿನ ಆದ ಮೇಲೆ ಮೂರು ಲೆಕ್ಕ ತೆಗೆಯಿರಿ. ಹತ್ತು ಕಿ.ಮೀ. ಒಳಗಿನ ಓಡಾಟ ಎಷ್ಟು ಸಲ? ಹಿಂದಿನ ತೊಟ್ಟಿ ಅರ್ಧಕ್ಕಿಂತ ಜಾಸ್ತಿ ತುಂಬಿದ್ದು ಎಷ್ಟು ದಿನ? ಎಂಜಿನ್ ಒಂದೇ ಸಮನೆ ಅರ್ಧ ಗಂಟೆ ಓಡಿದ್ದು ಎಷ್ಟು ದಿನ? ಮೂರನೆಯದನ್ನು ಹೆಚ್ಚಿನವರು ಎಣಿಸುವುದೇ ಇಲ್ಲ. ನನ್ನ ಪ್ರಕಾರ ಮುಖ್ಯವಾದದ್ದು ಅದೇ. ಯಾಕೆ ಅನ್ನುವುದು ನಾಲ್ಕನೇ ಹಂತದಲ್ಲಿ ಬರುತ್ತದೆ.

ನಮ್ಮಲ್ಲಿ ಅನೇಕರು ಗಾಡಿ ಕೊಳ್ಳುವುದು ವರ್ಷದ ಅತಿ ಭಾರದ ದಿನವನ್ನು ನೆನೆದುಕೊಂಡು. ವರ್ಷಕ್ಕೊಮ್ಮೆ ಬರುವ ನೆಂಟರಿಗೆಂದು ಹನ್ನೆರಡು ಕೋಣೆಯ ಮನೆ ಕಟ್ಟಿದ ಹಾಗೆ ಅದು. ಕಸ ಗುಡಿಸುವುದು ಮಾತ್ರ ದಿನಾ ಇದ್ದದ್ದೇ.

ಹಂತ 2: ಭಾರದ ಲೆಕ್ಕ ಕಳೆಯಿರಿ

ಪ್ರತಿ ಪಿಕಪ್‌ಗೂ ಎರಡು ತೂಕ ಇರುತ್ತದೆ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ಎಲ್ಲ ಸೇರಿ ದಾಟಬಾರದ ಒಟ್ಟು ತೂಕ. ಒಟ್ಟಿನಿಂದ ಖಾಲಿ ಕಳೆದರೆ ಉಳಿಯುವುದೇ ನೀವು ಹೇರಬಹುದಾದ ಭಾರ.

ಡೀಸೆಲ್ ಎಂಜಿನ್ ಒಳಗಿನ ಒತ್ತಡ ಜಾಸ್ತಿ. ಅದನ್ನು ತಡೆಯಲು ಎಂಜಿನ್ ಗಟ್ಟಿಯಾಗಿ, ದಪ್ಪವಾಗಿ ಇರಬೇಕು. ಹಾಗಾಗಿ ತೂಕವೂ ಜಾಸ್ತಿ. ಒಟ್ಟು ಮಿತಿ 3,000 ಕೆ.ಜಿ. ಅಂದುಕೊಳ್ಳಿ. ಪೆಟ್ರೋಲ್ ಗಾಡಿಯ ಖಾಲಿ ತೂಕ 1,900, ಡೀಸೆಲ್‌ನದು 2,000 ಇದ್ದರೆ, ಪೆಟ್ರೋಲ್‌ನಲ್ಲಿ 1,100 ಕೆ.ಜಿ. ಹೇರಬಹುದು, ಡೀಸೆಲ್‌ನಲ್ಲಿ 1,000 ಮಾತ್ರ. ತಲಾ 75 ಕೆ.ಜಿ.ಯ ನಾಲ್ಕು ಜನ ಕೂತರೆ ಅದರಲ್ಲಿ 300 ಹೋಯಿತು. ಟ್ರೇಲರ್ ಕಟ್ಟಿದರೆ, ಸಾಮಾನ್ಯವಾಗಿ ಅದರ ತೂಕದ ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಕೂರುತ್ತದೆ. ಅದನ್ನೂ ಇದರಲ್ಲೇ ಕಳೆಯಬೇಕು.

ಅಂದರೆ ಹೊರುವುದು ಬೇರೆ, ಎಳೆಯುವುದು ಬೇರೆ. ಹೊರುವ ಭಾರವನ್ನು ಚಾಸಿ, ಸ್ಪ್ರಿಂಗ್, ಆಕ್ಸಲ್, ಟೈರ್ ನಿರ್ಧರಿಸುತ್ತವೆ. ಡೀಸೆಲ್‌ನ ಹೆಚ್ಚುಗಾರಿಕೆ ಇರುವುದು ಎಳೆಯುವುದರಲ್ಲಿ.

ಹಂತ 3: ಎಳೆತ ನೋಡಿ, ಅದೂ ಲೋಡ್ ಹಾಕಿ

ಕನ್ನಡದಲ್ಲಿ ಒಂದು ತಮಾಷೆ ಇದೆ. ಗಾಡಿಯ ಹೆಸರೂ ಪಿಕಪ್, ಅದು ಚಿಮ್ಮಿ ಹೊರಡುವ ಗುಣಕ್ಕೂ ಪಿಕಪ್. ‘ಈ ಪಿಕಪ್‌ಗೆ ಪಿಕಪ್ಪೇ ಇಲ್ಲ’ ಅಂದರೂ ಯಾರಿಗೂ ಗೊಂದಲ ಆಗುವುದಿಲ್ಲ. ಆದರೆ ಎಂಜಿನ್ ವಿಷಯಕ್ಕೆ ಬಂದಾಗ ಚಿಮ್ಮುವುದನ್ನೂ ಎಳೆಯುವುದನ್ನೂ ಬೇರೆ ಬೇರೆ ಇಟ್ಟು ನೋಡಬೇಕು.

ಪೆಟ್ರೋಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವುದು ಸ್ಪಾರ್ಕ್ ಪ್ಲಗ್. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು 15ರಿಂದ 20 ಪಟ್ಟು ಒತ್ತಿದಾಗ ಅದು ಕೆಂಡದಂತೆ ಕಾಯುತ್ತದೆ. ಅದರೊಳಗೆ ಡೀಸೆಲ್ ಸಿಂಪಡಿಸಿದರೆ ತಾನೇ ಉರಿಯುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಪೆಟ್ರೋಲನ್ನು ಇಷ್ಟು ಒತ್ತಿದರೆ ಹೊತ್ತಲ್ಲದ ಹೊತ್ತಿನಲ್ಲಿ ಉರಿದು ಎಂಜಿನ್ ಕುಟ್ಟಲು ಶುರುಮಾಡುತ್ತದೆ. ಅದಕ್ಕೇ ಅದನ್ನು ಹತ್ತು, ಹನ್ನೆರಡು ಪಟ್ಟಿನ ಆಸುಪಾಸಿನಲ್ಲೇ ನಿಲ್ಲಿಸುತ್ತಾರೆ. ಡೀಸೆಲ್‌ಗೆ ಆ ಭಯ ಇಲ್ಲ. ಟರ್ಬೊದಿಂದ ಎಷ್ಟು ಗಾಳಿ ತುರುಕಿದರೂ ನುಂಗಿಕೊಂಡು, ಕಡಿಮೆ ಸುತ್ತಿನಲ್ಲೇ ಜೋರು ಎಳೆತ ಕೊಡುತ್ತದೆ.

ಒಂದು ಉದಾಹರಣೆ. ಎಂಜಿನ್ ತಿರುಗಿಸುವ ಬಲವನ್ನು (ಟಾರ್ಕ್, ನ್ಯೂಟನ್ ಮೀಟರ್‌ನಲ್ಲಿ) ನಿಮಿಷಕ್ಕೆ ಅದು ಸುತ್ತುವ ಸುತ್ತುಗಳಿಂದ (ಆರ್‌ಪಿಎಂ) ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್‌ನಲ್ಲಿ ಶಕ್ತಿ ಸಿಗುತ್ತದೆ. ಡೀಸೆಲ್ ಎಂಜಿನ್ 1,600 ಆರ್‌ಪಿಎಂನಲ್ಲಿ 400 ನ್ಯೂಟನ್ ಮೀಟರ್ ಕೊಟ್ಟರೆ ಅದು 67 ಕಿಲೋವ್ಯಾಟ್. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಅದೇ ಸುತ್ತಿನಲ್ಲಿ 200 ಕೊಟ್ಟರೆ ಸಿಗುವುದು ಅದರ ಅರ್ಧ. ಏರಿನಲ್ಲಿ ಅದು ಸೋಲುವುದಿಲ್ಲ. ಒಂದೋ ಎರಡೋ ಗೇರ್ ಇಳಿಸಿ, 2,700, 3,000ಕ್ಕೆ ಹೋಗಿ, ಕೂಗಾಡಿಕೊಂಡು ಹತ್ತುತ್ತದೆ. ವಾರಕ್ಕೊಂದು ಸಲ ಆದರೆ ಕೂಗಾಡಲಿ ಬಿಡಿ. ದಿನಾ ಆರು ಗಂಟೆ ಅದೇ ಕೂಗು ಕೇಳಬೇಕು ಅಂದರೆ ಕಷ್ಟ.

ಟರ್ಬೊ ಪೆಟ್ರೋಲ್ ಈ ಅಂತರವನ್ನು ಬಹಳ ಮಟ್ಟಿಗೆ ಮುಚ್ಚಿದೆ. ಅದಕ್ಕೂ 2,000ದ ಹತ್ತಿರವೇ ಒಳ್ಳೆ ಎಳೆತ ಬರುತ್ತದೆ. ಆದರೆ ಭಾರ ಹೇರಿ ತುಳಿದಾಗ ಒಳಗಿನ ಬಿಸಿ ಇಳಿಸಲು ಎಂಜಿನ್ ತಾನಾಗಿ ಜಾಸ್ತಿ ಪೆಟ್ರೋಲ್ ಸುರಿದುಕೊಳ್ಳಬಹುದು. ಖಾಲಿ ಗಾಡಿಯಲ್ಲಿ ಕಂಡ ಮೈಲೇಜ್ ಲೋಡ್ ಬಿದ್ದಾಗ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ. ಡೀಸೆಲ್‌ನಲ್ಲೂ ಮೈಲೇಜ್ ಇಳಿಯುತ್ತದೆ, ಆದರೆ ಇಷ್ಟು ಬೀಳುವುದಿಲ್ಲ.

ಹಾಗಾಗಿ ಖಾಲಿ ಗಾಡಿಯ ಟೆಸ್ಟ್ ಡ್ರೈವ್ ಸುಮ್ನೆ ಸುತ್ತಾಟ ಅಷ್ಟೇ. ನಿಮ್ಮ ಹಾಳೆಯಲ್ಲಿರುವ ಮಾಮೂಲಿ ಭಾರವನ್ನು ಹಾಕಿಸಿಕೊಳ್ಳಿ, ಆಗದಿದ್ದರೆ ಜನರನ್ನಾದರೂ ಕೂರಿಸಿ. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿ. ಆಮೇಲೆ ಅದೇ ರಸ್ತೆ ಇಳಿಯಿರಿ. ಇಳಿಯುವುದನ್ನು ಯಾರೂ ಪರೀಕ್ಷಿಸುವುದಿಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಕಾಲು ತೆಗೆದ ಕೂಡಲೇ ಗಾಳಿಯ ದಾರಿ ಮುಚ್ಚಿಕೊಂಡು ಎಂಜಿನ್ ಗಾಡಿಯನ್ನು ಹಿಡಿಯುತ್ತದೆ. ಡೀಸೆಲ್‌ನಲ್ಲಿ ಆ ಬಾಗಿಲು ಹಾಗೆ ಮುಚ್ಚುವುದಿಲ್ಲ. ಉದ್ದದ ಇಳಿಜಾರಿನಲ್ಲಿ ಟ್ರೇಲರ್ ತರುವವರಾದರೆ, ಡೀಸೆಲ್ ಗಾಡಿಗೆ ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಗಾಡಿಯ ಓಟ ಹಿಡಿಯುವ ಬ್ರೇಕ್) ಇದೆಯೇ ಅಂತ ಕೇಳಲೇಬೇಕು.

ಎತ್ತರದ ಜಾಗದಲ್ಲಿ ಓಡಿಸುವವರಿಗೆ ಇನ್ನೊಂದು ಮಾತು: ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರ್ ಏರಿಗೆ ಸುಮಾರು ಹತ್ತನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ.

ಹಂತ 4: ಹೊಗೆ ಕೊಳವೆಯ ಕಾರ್ಖಾನೆಗೆ ಬಿಸಿ ಸಿಗುತ್ತದೆಯೇ?

ಇಂದಿನ ಡೀಸೆಲ್‌ನ ನಿಜವಾದ ಪರೀಕ್ಷೆ ಇಲ್ಲಿದೆ. ಹೊಗೆಯಲ್ಲಿರುವ ಮಸಿಯನ್ನು ಹಿಡಿಯಲು ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಿಂಡಿ. ಮಸಿ ತುಂಬಿದಾಗ ಎಂಜಿನ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಸಿಂಪಡಿಸಿ, ಫಿಲ್ಟರನ್ನು 600 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿ, ಮಸಿಯನ್ನು ಸುಟ್ಟು ಬೂದಿ ಮಾಡುತ್ತದೆ. ಇದಕ್ಕೆ ಹತ್ತಿಪ್ಪತ್ತು ನಿಮಿಷದ ಬಿಡುವಿಲ್ಲದ ಓಟ ಬೇಕು. ಎಂಜಿನ್ ಅದಕ್ಕೆ ಮೊದಲೇ ಕಾದಿರಬೇಕು.

ಈಗ ಮನೆಯಿಂದ ಗೋದಾಮಿಗೆ ನಾಲ್ಕು ಕಿ.ಮೀ., ಗೋದಾಮಿನಿಂದ ಮನೆಗೆ ನಾಲ್ಕು ಕಿ.ಮೀ. ಓಡುವ ಗಾಡಿಯನ್ನು ನೆನೆಸಿಕೊಳ್ಳಿ. ಪ್ರತಿ ಸಲ ಸುಡಲು ಶುರು, ಅಷ್ಟರಲ್ಲಿ ಕೀ ಆಫ್. ನನ್ನ ಹಳೆಯ ಪಿಕಪ್ ಹೀಗೇ ಓಡುತ್ತಿತ್ತು. ನಿಲ್ಲಿಸಿದ ಮೇಲೂ ಫ್ಯಾನ್ ಗುಂಯ್‌ಗುಡುತ್ತಿತ್ತು, ಕಾದ ಕಬ್ಬಿಣದ ವಾಸನೆ ಬರುತ್ತಿತ್ತು. ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಒಂದು ದಿನ ಆಯಿಲ್ ನೋಡೋಣ ಅಂತ ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಮೇಲಿನ ಗೆರೆಯನ್ನೂ ದಾಟಿ ನಿಂತಿತ್ತು. ಒಂದು ಹನಿ ಆಯಿಲ್ ಕುಡಿಯದ ಗಾಡಿ ಅಂತ ಒಳಗೊಳಗೇ ಬೀಗಿದೆ. ಮೆಕ್ಯಾನಿಕ್ ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು, ನನ್ನ ಮೂಗಿಗೂ ಹಿಡಿದ. ಘಮ್ಮಂತ ಡೀಸೆಲ್ ವಾಸನೆ. ಫಿಲ್ಟರ್ ಕಾಯಿಸಲು ಸಿಂಪಡಿಸಿದ ಡೀಸೆಲ್ ಉರಿಯದೆ, ಸಿಲಿಂಡರ್ ಗೋಡೆಯ ಮೇಲಿಂದ ಜಾರಿ ಆಯಿಲ್‌ಗೆ ಸೇರಿತ್ತು. ಡೀಸೆಲ್ ಬೆರೆತ ಆಯಿಲ್ ತೆಳುವಾಗುತ್ತದೆ, ಬೇರಿಂಗ್‌ಗಳನ್ನು ಕಾಯುವುದಿಲ್ಲ.

ಹಾಗಾದರೆ ಫಿಲ್ಟರನ್ನೇ ಕಿತ್ತುಹಾಕಿದರೆ? ಹೇಳಿಕೊಡುವವರು ಇದ್ದೇ ಇರುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಅದು. ಅನೇಕ ಕಡೆ ಕಾನೂನಿಗೂ ವಿರುದ್ಧ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ಆ ಹೊಗೆ ಮೊದಲು ಹೋಗುವುದು ಗಾಡಿಯ ಹಿಂದೆ ನಿಂತು ಲೋಡ್ ಇಳಿಸುವವರ ಮೂಗಿಗೆ.

ಎಷ್ಟೋ ಹೊಸ ಡೀಸೆಲ್ ಗಾಡಿಗಳಿಗೆ ಹೊಗೆಯ ವಿಷಾನಿಲ ಇಳಿಸಲು ಯೂರಿಯಾ ದ್ರಾವಣವನ್ನೂ ತುಂಬಿಸಬೇಕು. ಅದರಲ್ಲಿ ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಶುದ್ಧ ನೀರು. ಖಾಲಿಯಾದರೆ ಅನೇಕ ಗಾಡಿಗಳು ಮತ್ತೆ ಸ್ಟಾರ್ಟ್ ಆಗುವುದೇ ಇಲ್ಲ. ಮೀಟರ್ ಮುಂಚೆಯೇ ಎಚ್ಚರಿಸುತ್ತದೆ, ಕೇಳಿಸಿಕೊಳ್ಳಬೇಕಷ್ಟೆ.

ಪೆಟ್ರೋಲ್‌ಗೂ ಗಿಡ್ಡ ಓಡಾಟ ಇಷ್ಟವೇನಲ್ಲ. ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಇದ್ದರೆ ವಾಲ್ವ್‌ಗಳ ಮೇಲೆ ಕರಿ ಕಟ್ಟುತ್ತದೆ. ಆದರೆ ಅದು ಬೇಗ ಕಾಯುತ್ತದೆ, ಮುನಿಸು ಕಡಿಮೆ.

ಹಂತ 5: ದುಡ್ಡನ್ನು ಲೀಟರ್‌ಗೆ ಬದಲಿಸಿ

ಬೆಲೆ ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಆದ್ದರಿಂದ ಲೆಕ್ಕವನ್ನು ಲೀಟರ್‌ನಲ್ಲೇ ಮಾಡಿ. ಡೀಸೆಲ್ ಗಾಡಿಗೆ ಕೊಡುವ ಹೆಚ್ಚುವರಿ ಹಣಕ್ಕೆ ಎಷ್ಟು ಲೀಟರ್ ಇಂಧನ ಬರುತ್ತದೆ? 2,000 ಲೀಟರ್ ಬರುತ್ತದೆ ಅಂದುಕೊಳ್ಳಿ. ಎರಡೂ ಇಂಧನಕ್ಕೆ ಒಂದೇ ಬೆಲೆ ಅಂತಲೂ ಸದ್ಯಕ್ಕೆ ಇಟ್ಟುಕೊಳ್ಳಿ.

ಪೆಟ್ರೋಲ್ ಲೀಟರಿಗೆ 10 ಕಿ.ಮೀ., ಡೀಸೆಲ್ 13 ಕಿ.ಮೀ. ಕೊಟ್ಟರೆ, ವರ್ಷಕ್ಕೆ 10,000 ಕಿ.ಮೀ. ಓಡಿಸುವವರಿಗೆ ಬೇಕಾಗುವುದು 1,000 ಮತ್ತು 769 ಲೀಟರ್. ಉಳಿತಾಯ 231 ಲೀಟರ್. ಕೊಟ್ಟ 2,000 ಲೀಟರ್ ವಾಪಸ್ ಬರಲು ಎಂಟೂವರೆ ವರ್ಷಕ್ಕೂ ಜಾಸ್ತಿ. ವರ್ಷಕ್ಕೆ 40,000 ಕಿ.ಮೀ. ಓಡಿಸುವವರಿಗೆ ಎರಡು ವರ್ಷ ದಾಟಿದ ಸ್ವಲ್ಪ ಹೊತ್ತಿಗೇ ಬಂದುಬಿಡುತ್ತದೆ. ಇದಕ್ಕೆ ನಿಮ್ಮೂರಿನ ಬೆಲೆ, ಸರ್ವೀಸ್ ಖರ್ಚು, ಯೂರಿಯಾ ಖರ್ಚು ಸೇರಿಸಿಕೊಳ್ಳಿ. ಹಳೆಯದಾದಾಗ ಮಾರಿದರೆ ಬರುವ ಹಣವನ್ನೂ ಮರೆಯಬೇಡಿ. ಗ್ಯಾರಂಟಿ ಮುಗಿದ ಮೇಲೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್, ಅದಕ್ಕೆ ಡೀಸೆಲ್ ಒತ್ತಿ ಕಳಿಸುವ ಪಂಪ್ ಕೈಕೊಟ್ಟರೆ ಉಳಿಸಿದ್ದೆಲ್ಲ ಒಂದೇ ಬಿಲ್ಲಿಗೆ ಹೋಗಬಹುದು.

ಈಗ ಮೊದಲ ಹಾಳೆ ತೆಗೆಯಿರಿ. ಅರ್ಧ ಗಂಟೆ ಎಡೆಬಿಡದೆ ಓಡಿದ ದಿನಗಳು ವಾರಕ್ಕೆ ನಾಲ್ಕೈದು ಇದ್ದು, ಲೋಡ್ ಅಥವಾ ಟ್ರೇಲರ್ ಕೂಡ ಜೊತೆಗಿದ್ದರೆ, ಡೀಸೆಲ್ ತಗೊಳ್ಳಿ. ಹತ್ತು ಕಿ.ಮೀ. ಒಳಗಿನ ಸಾಲುಗಳೇ ಹಾಳೆ ತುಂಬಿದ್ದರೆ, ತೊಟ್ಟಿಯಲ್ಲಿ ಎಷ್ಟೇ ಭಾರ ಇರಲಿ, ನಾನು ಪೆಟ್ರೋಲ್ ಕಡೆಗೇ ವಾಲುತ್ತೇನೆ. ಎರಡೂ ಬೆರೆತಿದ್ದರೆ ಟರ್ಬೊ ಪೆಟ್ರೋಲನ್ನು ಲೋಡ್ ಹಾಕಿ ಓಡಿಸಿ ನೋಡಿ.

ಹಂತ 6: ತಂದ ಮೇಲೆ

ಬಂಕ್‌ನಲ್ಲಿ ಯಾವ ಪೈಪು ಅಂತ ಕಣ್ಣಿಟ್ಟು ನೋಡಿ. ಪೆಟ್ರೋಲ್ ನಳಿಗೆ ಸಣ್ಣದಾದ್ದರಿಂದ ಡೀಸೆಲ್ ಟ್ಯಾಂಕ್ ಬಾಯಿಗೆ ಸಲೀಸಾಗಿ ಹೋಗಿಬಿಡುತ್ತದೆ. ಡೀಸೆಲ್ ಗಾಡಿಗೆ ಪೆಟ್ರೋಲ್ ಬಿದ್ದರೆ ಕೀ ಮುಟ್ಟಬೇಡಿ, ತಳ್ಳಿ ಪಕ್ಕಕ್ಕೆ ನಿಲ್ಲಿಸಿ. ಎಂಜಿನ್‌ನ ಇಂಧನ ಪಂಪಿಗೆ ಜಿಡ್ಡು ಕೊಡುವುದು ಡೀಸೆಲ್ಲೇ. ಅದು ತೆಳುವಾದರೆ ಪಂಪ್ ತನ್ನನ್ನೇ ಉಜ್ಜಿಕೊಂಡು ಹಾಳಾಗುತ್ತದೆ. ಡೀಸೆಲ್ ಫಿಲ್ಟರ್ ಕೆಳಗೆ ಸೇರುವ ನೀರನ್ನು ಕಂಪನಿ ಹೇಳಿದ ಹೊತ್ತಿಗೆ ತೆಗೆಸಿ. ಹಿಮ ಬೀಳುವ ಜಾಗವಾದರೆ ಚಳಿಗಾಲದ ಡೀಸೆಲ್ಲೇ ಬೇಕು, ಮಾಮೂಲಿಯದು ಮೇಣದ ಹಾಗೆ ಗಟ್ಟಿಯಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಾದರೆ ಮುಂಚೆ ಹೇಳದೆ ಬೆಳಿಗ್ಗೆಯೇ ಹೋಗಿ. ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅಂತ ನಿಮಗೆ ತೋರಿಸಲು ಅವರಿಗೆ ಇಷ್ಟವಿಲ್ಲ ಅಂತ ಅರ್ಥ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಕೊನೆಗೆ, ಸ್ಟಾರ್ಟ್ ಮಾಡುವ ಮುಂಚೆ, ಸೈಲೆನ್ಸರ್ ಬಾಯಿಯೊಳಗೆ ಬೆರಳಾಡಿಸಿ. ಡಿಪಿಎಫ್ ಇರುವ ಡೀಸೆಲ್ ಗಾಡಿಯಲ್ಲಿ ಬೆರಳು ಹೆಚ್ಚುಕಮ್ಮಿ ಸ್ವಚ್ಛವಾಗಿ ಹೊರಬರಬೇಕು. ಕಾಡಿಗೆಯಂಥ ಮಸಿ ಅಂಟಿದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಯಾರೋ ಆಗಲೇ ಮೂಗು ಕೊಯ್ದಿದ್ದಾರೆ.