ಬಿಸಿಲಿಗೆ ಮುಷ್ಕರ ಹೂಡ್ತಿದ್ದ ನನ್ನ ಕೋಬ್ರಾ ರೆಪ್ಲಿಕಾ

ನಂದು ಅಸಲಿ ಕೋಬ್ರಾ ಕಾರಲ್ಲ ಬಿಡಿ, ಅದರ ನಕಲು. 1962ರಲ್ಲಿ ಕ್ಯಾರೊಲ್ ಶೆಲ್ಬಿ ಇಂಗ್ಲೆಂಡಿನ ಎಸಿ ಕಾರಿಗೆ ಫೋರ್ಡ್‌ನ ವಿ8 (ಎಂಟು ಸಿಲಿಂಡರಿನ) ಇಂಜಿನ್ ಕೂರಿಸಿ ಮಾಡಿದ್ದು ಅಸಲಿ, ಅದರ ದುಡ್ಡಿಗೆ ಊರಲ್ಲಿ ತೋಟ ಮನೆ ಎರಡೂ ಬರುತ್ತೆ, ನಂದು ಫೈಬರ್ ಬಾಡಿ, ಒಳಗೆ ಫೋರ್ಡ್ 302 ಇಂಜಿನ್, ಅದಕ್ಕೆ ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಕೊಡೋ ಕಾರ್ಬುರೇಟರ್.

ಅಮೆರಿಕದ ಫೀನಿಕ್ಸ್‌ನಿಂದ ಹೊರಟು ರೂಟ್ 66 ಅನ್ನೋ ಹಳೇ ಹೆದ್ದಾರಿ ಹಿಡಿದಿದ್ವಿ. ಓಡ್ತಾ ಇದ್ರೆ ಏನೂ ತಕರಾರಿಲ್ಲ, ಆದ್ರೆ ಪೆಟ್ರೋಲ್ ಹಾಕಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದ್ರೆ ಬರೀ ಗರಗರ. ಟೆಂಪರೇಚರ್ ಮುಳ್ಳು ನಾರ್ಮಲ್ ಅಂತಿತ್ತು, ಅದಕ್ಕೇ ನಾನು ಕಿಡಿ ಕೊಡೋ ಇಗ್ನಿಷನ್ ಕಾಯಿಲ್, ಬ್ಯಾಟರಿ ಅಂತ ಸುಮ್ನೆ ಅರ್ಧ ದಿನ ಹಾಳ್ಮಾಡ್ದೆ. ಸೆಲಿಗ್ಮನ್‌ನಲ್ಲಿ ಏರ್ ಫಿಲ್ಟರ್ ಬಿಚ್ಚಿ ಇಣುಕಿದ್ರೆ, ಇಂಜಿನ್ ಆಫ್ ಇದ್ರೂ ಪೆಟ್ರೋಲ್ ಸಾರು ಕುದ್ದಂಗೆ ಗುಳುಗುಳು ಅಂತ ಒಳಗೆ ತೊಟ್ಟಿಕ್ತಿತ್ತು! ಇಂಜಿನ್ ನಿಲ್ಲಿಸಿದ ಮೇಲೆ ಅದರ ಕಾವೆಲ್ಲಾ ಮೇಲಕ್ಕೇರುತ್ತಲ್ಲ, ಅದೇ ಕಾರಣ, ಜೊತೆಗೆ ಇಲ್ಲಿನ ಪೆಟ್ರೋಲಲ್ಲಿ 10% ಎಥನಾಲ್ ಬೇರೆ, ಅದಿದ್ರೆ ಇನ್ನೂ ಬೇಗ ಕುದಿಯುತ್ತೆ.

ಅವತ್ತಿಗೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡ್ಕೊಂಡೇ (ಪಂಪ್ ಮಾಡ್ಬೇಡಿ, ಇಂಜಿನ್‌ಗೆ ಪೆಟ್ರೋಲ್ ಇನ್ನೂ ಜಾಸ್ತಿ ತುಂಬುತ್ತೆ) ಸ್ಟಾರ್ಟ್ ಮಾಡ್ದೆ. ಕಿಂಗ್‌ಮನ್‌ನಲ್ಲಿ ಕಾರ್ಬುರೇಟರ್ ಕೆಳಗೆ ಅರ್ಧ ಇಂಚಿನ ಫೀನಾಲಿಕ್ ಸ್ಪೇಸರ್ (ಕಾವು ತಡೆಯೋ ಗಟ್ಟಿ ಪ್ಲಾಸ್ಟಿಕ್ ತುಂಡು) ಹಾಕ್ದೆ, ಎಕ್ಸಾಸ್ಟಿಗೆ ಒಂದು ಬೆರಳಷ್ಟೇ ದೂರ ಇದ್ದ ಫ್ಯುಯೆಲ್ ಲೈನನ್ನ ಆಚೆ ಸರಿಸಿ ಕಾವು ತಡೆಯೋ ಕವಚ (ಹೀಟ್ ಸ್ಲೀವ್) ತೊಡಿಸ್ದೆ. ಈ ಗಡಿಬಿಡೀಲಿ ಕಾರಿನ ಪಕ್ಕದಲ್ಲಿರೋ ಎಕ್ಸಾಸ್ಟ್ ಪೈಪಿಗೆ (ಸೈಡ್ ಪೈಪ್) ಮೀನಖಂಡ ತಾಗಿ ಬೊಬ್ಬೆ ಎದ್ದಿದ್ದು ಬೋನಸ್ಸು.

ಮಾರನೇ ದಿನ ಘಾಟಿ ಇಳಿದು ಓಟ್‌ಮನ್ ತಲುಪಿದ್ರೆ ರಸ್ತೆ ತುಂಬಾ ಕತ್ತೆಗಳು, ಇಂಜಿನ್ ಆಫ್ ಮಾಡಿ ಇಪ್ಪತ್ತು ನಿಮಿಷ ಕಾದ್ವಿ, ಆಮೇಲೆ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಯ್ತು.