ಮತ್ತೆ ಉಕ್ತಲೇಖನ: ಐಇಎಲ್‌ಟಿಎಸ್‌ಗೆ ನಾನು ತಯಾರಾದ ಬಗೆ

ವಿದೇಶಕ್ಕೆ ಓದಲು, ದುಡಿಯಲು ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್. ಮೊದಲ ಸಲ ಅದನ್ನು ಬರೆದಾಗ ಓದು ಮತ್ತು ಮಾತು ಎರಡರಲ್ಲೂ ನನಗೆ 9 ಬ್ಯಾಂಡ್‌ಗೆ 7 ಬಂತು. ಕೇಳುವಿಕೆಯಲ್ಲಿ 6.5, ಬರವಣಿಗೆಯಲ್ಲಿ 6. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಣಿ ಮಾಡಿಸಿಕೊಳ್ಳಬೇಕಾದರೆ ಅಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್, ಈ ಪರೀಕ್ಷೆಯ ಅಕಾಡೆಮಿಕ್ ಬಗೆಯಲ್ಲಿ ಕೇಳುವಿಕೆ, ಓದು, ಮಾತಿಗೆ ಕನಿಷ್ಠ 7 ಮತ್ತು ಬರವಣಿಗೆಗೆ 6.5 ಕೇಳುತ್ತದೆ. ಎರಡು ಕಡೆ ಅರ್ಧರ್ಧ ಬ್ಯಾಂಡ್‌ನಲ್ಲಿ ತಪ್ಪಿಹೋಗಿತ್ತು. ಎಸ್ಸೆಸ್ಸೆಲ್ಸಿವರೆಗೆ ಅರಕಲಗೂಡಿನ ಹತ್ತಿರ ಕನ್ನಡ ಮಾಧ್ಯಮದಲ್ಲಿ ಓದಿ, ನರ್ಸಿಂಗ್ ಮುಗಿಸಿ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಆರು ವರ್ಷ ದುಡಿದವಳು ನಾನು. ವಾರ್ಡಿನಲ್ಲಿ ದಿನವೂ ಇಂಗ್ಲಿಷ್ ಕೇಳುತ್ತೇನೆ, ಕೇಸ್ ಶೀಟಿನಲ್ಲಿ ಇಂಗ್ಲಿಷ್ ಬರೆಯುತ್ತೇನೆ. ಆದರೂ ಸರಿಯಾಗಿ ಆ ಎರಡರಲ್ಲೇ ಸೋತದ್ದು ಏಕೆ ಎಂಬುದು ಬಹಳ ದಿನ ತಿಳಿಯಲಿಲ್ಲ.

ಮೊದಲ ಸಲ ನಾನು ಮಾಡಿದ್ದು ಇಷ್ಟು: ಕೇಳುವಿಕೆಗೆ ದಿನಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಯ ಧ್ವನಿಮುದ್ರಣ ಹಾಕಿಕೊಂಡು ಕೇಳುವುದು, ಉತ್ತರ ನೋಡುವುದು, ಅಂಕ ಬರೆದಿಡುವುದು, ಮಾರನೆಯ ದಿನ ಮುಂದಿನದಕ್ಕೆ ಹೋಗುವುದು. ಒಟ್ಟು 40 ಪ್ರಶ್ನೆ. 30 ಸರಿಯಾದರೆ ಸುಮಾರು 7 ಬರುತ್ತದೆ. ನನ್ನದು 26, 28, 27 ಎಂದು ಅಲ್ಲಲ್ಲೇ ಸುತ್ತುತ್ತಿತ್ತು. ಅದು ಅಭ್ಯಾಸವಲ್ಲ, ಬರೀ ಅಳತೆ. ದಿನಕ್ಕೆ ಮೂರು ಸಲ ಥರ್ಮಾಮೀಟರ್ ಇಟ್ಟ ಮಾತ್ರಕ್ಕೆ ಜ್ವರ ಇಳಿಯುವುದಿಲ್ಲ.

ಫಲಿತಾಂಶ ಬಂದ ವಾರ, ರಾತ್ರಿ ಪಾಳಿ ಮುಗಿಸಿ ಬಂದ ಒಂದು ಬೆಳಿಗ್ಗೆ, ಮೂರು ಹಳೆಯ ಪತ್ರಿಕೆಗಳಲ್ಲಿ ನಾನು ತಪ್ಪು ಮಾಡಿದ್ದ ಉತ್ತರಗಳನ್ನಷ್ಟೇ ಒಂದು ಹಾಳೆಯಲ್ಲಿ ಬರೆದೆ. ಒಟ್ಟು 38 ತಪ್ಪು. ನನಗೆ ನಿಜವಾಗಿಯೂ ಅರ್ಥವಾಗದೆ ಹೋದವು ಹತ್ತು ಕೂಡ ಇರಲಿಲ್ಲ. ಹದಿನಾರು ಕಡೆ ಪದ ಸರಿಯಾಗಿಯೇ ಇತ್ತು, ಕೊನೆಯ ‘ಎಸ್’ ಇರಲಿಲ್ಲ. ಅವರು ‘ಟವಲ್ಸ್’ ಎಂದಿದ್ದರು, ನಾನು ‘ಟವಲ್’ ಎಂದು ಬರೆದಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಅರ್ಧ ಅಂಕವೂ ಇಲ್ಲ. ಉಳಿದವುಗಳಲ್ಲಿ ಹೆಚ್ಚಿನವು ಕಾಗುಣಿತ: ‘ಅಕಾಮಡೇಷನ್’ ಪದಕ್ಕೆ ಎರಡು ‘ಸಿ’, ಎರಡು ‘ಎಂ’ ಬೇಕು, ನಾನು ಪ್ರತಿ ಸಲವೂ ಒಂದೇ ‘ಎಂ’ ಹಾಕಿದ್ದೆ.

ಈ ‘ಎಸ್’ ಎಲ್ಲಿ ಹೋಗುತ್ತಿದೆ ಎಂದು ಯೋಚಿಸುತ್ತಾ ಹೋದಾಗ ನಮ್ಮ ಭಾಷೆಯೇ ಕಣ್ಣಿಗೆ ಬಿತ್ತು. ನಾವು ಬಸ್ಸು, ಕಾರು, ಪೆನ್ನು, ಲೈಟು ಎನ್ನುವವರು. ಪದ ಸ್ವರದಲ್ಲಿ ಮುಗಿಯಬೇಕು ಎಂದು ನಮ್ಮ ಕಿವಿ ಕಾಯುತ್ತದೆ. ವ್ಯಂಜನದಲ್ಲಿ ಥಟ್ಟನೆ ನಿಂತ ಪದದ ತುದಿ ನಮಗೆ ಕೇಳಿದರೂ ದಾಖಲಾಗುವುದಿಲ್ಲ. ಜೊತೆಗೆ ‘ಮೂರು ಹಾಸಿಗೆ ಖಾಲಿ ಇದೆ’, ‘ಎರಡು ಮಾತ್ರೆ ಕೊಡಿ’ ಎನ್ನುತ್ತೇವೆ. ಸಂಖ್ಯೆ ಹೇಳಿದ ಮೇಲೆ ಬಹುವಚನ ಬೇಕೇ ಬೇಕು ಎಂದು ಕನ್ನಡ ಹಟ ಹಿಡಿಯುವುದಿಲ್ಲ, ಇಂಗ್ಲಿಷ್ ಹಿಡಿಯುತ್ತದೆ. ಹಾಗಾಗಿ ಕೇಳುವಾಗ ನಾನು ಬಿಟ್ಟ ‘ಎಸ್’ ಮತ್ತು ಪ್ರಬಂಧ ಬರೆಯುವಾಗ ಬಿಟ್ಟ ‘ಎಸ್’ ಬೇರೆ ಬೇರೆ ಅಲ್ಲ. ಅಲ್ಲಿಂದ ಮುಂದೆ ಎರಡನ್ನೂ ಒಟ್ಟಿಗೇ ಅಭ್ಯಾಸ ಮಾಡಿದೆ.

ಅದಕ್ಕೆ ನನಗೆ ಸಿಕ್ಕ ದಾರಿ ಪ್ರಾಥಮಿಕ ಶಾಲೆಯ ಉಕ್ತಲೇಖನ. ಮೇಷ್ಟ್ರು ಓದುತ್ತಿದ್ದರು, ನಾವು ಬರೆಯುತ್ತಿದ್ದೆವು, ತಪ್ಪಿದ ಪದವನ್ನು ಹತ್ತು ಸಲ ತಿದ್ದುತ್ತಿದ್ದೆವು. ಈಗ ಮೇಷ್ಟ್ರ ಜಾಗದಲ್ಲಿ ಮೊಬೈಲ್. ಬಿಬಿಸಿಯಲ್ಲಿ ಇಂಗ್ಲಿಷ್ ಕಲಿಯುವವರಿಗಾಗಿ ಆರು ನಿಮಿಷದ ಕಾರ್ಯಕ್ರಮಗಳಿವೆ, ಮಾತಿನ ಲಿಖಿತ ಪಾಠವೂ ಸಿಗುತ್ತದೆ. ಅದರಿಂದ ದಿನಕ್ಕೆ ಒಂದೂವರೆ ನಿಮಿಷದ ತುಣುಕು ಮಾತ್ರ ತೆಗೆದುಕೊಳ್ಳುತ್ತಿದ್ದೆ. ಮೊದಲು ಬರೆಯದೆ ಪೂರ್ತಿ ಕೇಳುವುದು. ಆಮೇಲೆ ವಾಕ್ಯಕ್ಕೊಮ್ಮೆ ನಿಲ್ಲಿಸಿ, ಕೇಳಿದ್ದನ್ನು ಅಕ್ಷರ ಬಿಡದೆ ಬರೆಯುವುದು. ಕೇಳಿಸದ ಕಡೆ ಖಾಲಿ ಬಿಟ್ಟು ಮೂರು ಸಲ ಮರಳಿ ಕೇಳುವುದು, ಅದಕ್ಕಿಂತ ಹೆಚ್ಚಿಲ್ಲ. ಕೊನೆಗೆ ಲಿಖಿತ ಪಾಠದ ಜೊತೆ ಹೋಲಿಸಿ ಕೆಂಪು ಶಾಯಿಯಲ್ಲಿ ತಿದ್ದುವುದು. ಒಂದೂವರೆ ನಿಮಿಷಕ್ಕೆ ಮೊದಮೊದಲು ಐವತ್ತು ನಿಮಿಷ ಹಿಡಿಯುತ್ತಿತ್ತು. ಹಾಸ್ಟೆಲಿನ ತಾರಸಿಯ ಮೇಲೆ, ಬಟ್ಟೆ ಒಣಗುವ ಹಗ್ಗದ ಕೆಳಗೆ ಕುಳಿತು ಇದನ್ನೇ ಎರಡು ತಿಂಗಳು ಮಾಡಿದೆ.

ಮೂರನೆಯ ವಾರದ ಹೊತ್ತಿಗೆ ಕೆಂಪು ಗುರುತುಗಳು ತಾವಾಗಿಯೇ ಗುಂಪಾದವು. ಪದದ ತುದಿಯ ‘ಎಸ್’ ಮತ್ತು ‘ಡಿ’. ‘ಎ’, ‘ದಿ’ ಎಂಬ ಪುಟ್ಟ ಪದಗಳು. ಕನ್ನಡದಲ್ಲಿ ಅವಕ್ಕೆ ಸಮನಾದದ್ದು ಇಲ್ಲದಿರುವುದರಿಂದ ಕಿವಿ ಅವನ್ನು ಹಾರಿಸಿಬಿಡುತ್ತದೆ. ಬ್ರಿಟಿಷರ ಮತ್ತು ಆಸ್ಟ್ರೇಲಿಯಾದವರ ಉಚ್ಚಾರಣೆಯಲ್ಲಿ ಮಾಯವಾಗುವ ‘ಆರ್’. ಅವರು ‘ಕ್ಯಾನ್’ ಎಂಬುದನ್ನು ‘ಕ್ನ್’ ಎಂದಷ್ಟೇ ನುಂಗಿ, ‘ಕಾಂಟ್’ ಎಂಬುದನ್ನು ಎಳೆದು ಹೇಳುತ್ತಾರೆ ಎಂಬುದೂ ಹೀಗೆ ಬರೆದಾಗಲೇ ಗೊತ್ತಾದದ್ದು.

ಸಂಖ್ಯೆಗಳ ವಿಷಯದಲ್ಲಿ ಮಾತ್ರ ನನ್ನ ವೃತ್ತಿಯೇ ಅಡ್ಡಬಂತು. ವೈದ್ಯರು ಫೋನಿನಲ್ಲಿ ಔಷಧ ಹೇಳಿದರೆ ನಾವು ಬರೆದುಕೊಂಡು, ಅವರಿಗೇ ಮತ್ತೆ ಓದಿ ಹೇಳಿ ಖಚಿತ ಮಾಡಿಕೊಳ್ಳಬೇಕು. 15 ಮತ್ತು 50 ಕಿವಿಗೆ ಒಂದೇ ಥರ ಬೀಳುವುದರಿಂದ ‘ಒನ್ ಫೈವ್’, ‘ಫೈವ್ ಝೀರೋ’ ಎಂದು ಬಿಡಿಸಿ ಹೇಳುತ್ತೇವೆ. ಪರೀಕ್ಷೆಯಲ್ಲಿ ಧ್ವನಿಮುದ್ರಣ ಒಂದೇ ಸಲ, ಯಾರನ್ನೂ ಮರಳಿ ಕೇಳುವಂತಿಲ್ಲ. ಮೊದಲ ಭಾಗದ ಫೋನ್ ಸಂಭಾಷಣೆಗಳಲ್ಲಿ ‘ಮಂಗಳವಾರ... ಅಲ್ಲ, ಬುಧವಾರವೇ ಅನುಕೂಲ’ ಎಂಬಂಥ ತಿರುವು ಬೇಕೆಂದೇ ಇರುತ್ತದೆ. ಕೇಳಿದ ಕೂಡಲೇ ಬರೆದು ನಿರಾಳವಾಗದೆ, ಮುಂದಿನ ಪ್ರಶ್ನೆಯ ಮಾತು ಶುರುವಾಗುವವರೆಗೆ ಹಿಂದಿನದರ ಮೇಲೂ ಒಂದು ಕಿವಿ ಇಟ್ಟಿರುವುದನ್ನು ರೂಢಿ ಮಾಡಿಕೊಂಡೆ. ನಾಲ್ಕನೆಯ ಭಾಗದ ಉಪನ್ಯಾಸದಲ್ಲಿ ನಡುವೆ ಬಿಡುವೇ ಇರುವುದಿಲ್ಲ. ಒಂದು ಉತ್ತರ ತಪ್ಪಿದರೆ ಅದನ್ನು ಅಲ್ಲಿಯೇ ಬಿಟ್ಟು ಮುಂದೆ ಹೋಗುವ ಗಟ್ಟಿತನ ಬರಲು ನನಗೆ ಪದಗಳನ್ನು ಕಲಿಯುವುದಕ್ಕಿಂತ ಹೆಚ್ಚು ದಿನ ಬೇಕಾಯಿತು.

ಇನ್ನು ಬರವಣಿಗೆ. 60 ನಿಮಿಷ, ಎರಡು ಪ್ರಶ್ನೆ. ಮೊದಲನೆಯದು ನಕ್ಷೆ (ಗ್ರಾಫ್) ಅಥವಾ ಕೋಷ್ಟಕದ ವಿವರಣೆ, ಕನಿಷ್ಠ 150 ಪದ. ಎರಡನೆಯದು 250 ಪದಗಳ ಪ್ರಬಂಧ, ಅದಕ್ಕೆ ಮೊದಲನೆಯದರ ಎರಡರಷ್ಟು ತೂಕ. ನಕ್ಷೆಯಲ್ಲಿ ನಾನು ಮಾಡುತ್ತಿದ್ದ ತಪ್ಪು, ಎಲ್ಲ ಅಂಕಿಗಳನ್ನೂ ಸಾಲಾಗಿ ಒಪ್ಪಿಸುವುದು. ಪಾಳಿ ಬದಲಾಗುವಾಗ ನಾವು ಹಾಗೆ ಮಾಡುವುದಿಲ್ಲವಲ್ಲ ಎಂದು ಒಂದು ದಿನ ಹೊಳೆಯಿತು. ರೋಗಿಯ ಟೆಂಪರೇಚರ್ ಚಾರ್ಟ್ ಹಿಡಿದುಕೊಂಡು ಹನ್ನೆರಡು ಅಂಕಿ ಯಾರೂ ಓದುವುದಿಲ್ಲ. ‘ನಿನ್ನೆ ಸಂಜೆಯಿಂದ ಜ್ವರ ಇಳಿಯುತ್ತಿದೆ, ರಾತ್ರಿ ಎರಡಕ್ಕೆ ಒಮ್ಮೆ ಏರಿತ್ತು, ನಾಡಿ ಹಾಗೆಯೇ ಇದೆ’ ಎನ್ನುತ್ತೇವೆ. ಪರೀಕ್ಷಕರು ಬಯಸುವ ಒಟ್ಟುನೋಟವೂ ಇದೇ. ಅಂದಿನಿಂದ ಪ್ರತಿ ನಕ್ಷೆಯನ್ನೂ ಬರುವ ಪಾಳಿಯ ಸಿಸ್ಟರ್‌ಗೆ ಒಪ್ಪಿಸುವಂತೆ ಮೊದಲು ಎರಡು ವಾಕ್ಯದಲ್ಲಿ ಬಾಯಲ್ಲಿ ಹೇಳಿಕೊಂಡು, ಆಮೇಲೆ ಬರೆಯಲು ಕೂರುತ್ತಿದ್ದೆ. ಏಕೆ ಏರಿತು, ಏಕೆ ಇಳಿಯಿತು ಎಂಬ ಊಹೆಯನ್ನು ಬಿಟ್ಟೆ. ಚಾರ್ಟಿನಲ್ಲಿ ಇಲ್ಲದ್ದನ್ನು ವರದಿಯಲ್ಲಿ ಸೇರಿಸಬಾರದು.

ಪ್ರಬಂಧವನ್ನು ತಿದ್ದಿಕೊಟ್ಟವರು ಪಿಯುಸಿಯಲ್ಲಿ ನನಗೆ ಇಂಗ್ಲಿಷ್ ಕಲಿಸಿದ್ದ ಮೇಷ್ಟ್ರು. ರೋಗಕ್ಕೆ ಚಿಕಿತ್ಸೆ ಕೊಡುವುದಕ್ಕಿಂತ ರೋಗ ಬಾರದಂತೆ ತಡೆಯಲು ಸರ್ಕಾರ ಹೆಚ್ಚು ಹಣ ಕೊಡಬೇಕೇ ಎಂಬ ವಿಷಯದ ಮೇಲೆ ಬರೆದಿದ್ದೆ. ಅವರು ಮೊದಲ ಪ್ಯಾರಾ ಓದಿ, ಕನ್ನಡಕ ತೆಗೆದು ಕೇಳಿದರು:

“ಏನಮ್ಮಾ, ನೀನು ಇದನ್ನು ಒಪ್ಪುತ್ತೀಯೋ, ಇಲ್ಲವೋ?”

“ಒಪ್ಪುತ್ತೇನೆ ಸರ್, ಆದರೆ ತುರ್ತು ಚಿಕಿತ್ಸೆಯ ಹಣ ಕಡಿತ ಮಾಡಬಾರದು.”

“ಇದನ್ನು ಬರೆದಿಲ್ಲವಲ್ಲ. ‘ಗಾದೆಗಳು ವೇದಗಳಿಗೆ ಸಮಾನ’ ಎನ್ನುವ ಹಾಗೆ ಶುರು ಮಾಡಿದ್ದೀಯ.”

ಕನ್ನಡ ಮಾಧ್ಯಮದಲ್ಲಿ ಓದಿದ ಎಲ್ಲರಿಗೂ ಇದು ತಟ್ಟನೆ ಅರ್ಥವಾಗುತ್ತದೆ. ಯಾವ ಗಾದೆ ಕೊಟ್ಟರೂ ವಿಸ್ತರಣೆಗೆ ನಾವು ಅದೇ ಪೀಠಿಕೆ ಹಾಕುತ್ತಿದ್ದೆವು. ‘ಇಂದಿನ ಆಧುನಿಕ ಯುಗದಲ್ಲಿ ಇದು ಬಹು ಚರ್ಚಿತ ವಿಷಯ’ ಎಂಬ ನನ್ನ ಇಂಗ್ಲಿಷ್ ಪೀಠಿಕೆಯೂ ಯಾವ ವಿಷಯಕ್ಕೆ ಬೇಕಾದರೂ ಅಂಟಿಸಬಹುದಾದದ್ದು. ಬಾಯಿಪಾಠದ ಸಾಲುಗಳನ್ನು ಪರೀಕ್ಷಕರು ಗುರುತಿಸುತ್ತಾರೆ, ಅವಕ್ಕೆ ಬೆಲೆಯಿಲ್ಲ. ಆಮೇಲೆ ಪ್ರತಿ ಪ್ರಬಂಧಕ್ಕೂ ಮೊದಲು ನನ್ನ ನಿಲುವನ್ನು ಕನ್ನಡದಲ್ಲಿ ಒಂದೇ ಸಾಲಿನಲ್ಲಿ ಬರೆಯುತ್ತಿದ್ದೆ. ಆ ಸಾಲು ಹುಟ್ಟದೆ ಇಂಗ್ಲಿಷಿಗೆ ಕೈ ಹಾಕುತ್ತಿರಲಿಲ್ಲ. ಕನ್ನಡದಲ್ಲಿ ಯೋಚಿಸಬೇಡಿ ಎಂದು ತರಬೇತಿಯವರು ಹೇಳುವುದುಂಟು. ನಿಲುವನ್ನು ಕಂಡುಕೊಳ್ಳುವ ಮಟ್ಟಿಗೆ ಅದು ತಪ್ಪು ಸಲಹೆ ಎಂದೇ ನನ್ನ ಅಭಿಪ್ರಾಯ. ವಾಕ್ಯ ಕಟ್ಟುವಾಗ ಮಾತ್ರ ಆ ಮಾತು ನಿಜ: ‘ಹೋಗಿ, ನೋಡಿ, ತಿಳಿದು, ಬಂದು’ ಎಂದು ಕನ್ನಡ ಪೋಣಿಸುತ್ತಾ ಹೋಗುವುದನ್ನು ಇಂಗ್ಲಿಷಿನಲ್ಲಿ ಹಾಗೆಯೇ ಇಳಿಸಿದರೆ ವಾಕ್ಯ ಎಡವುತ್ತದೆ.

ವಾರಕ್ಕೆ ಎರಡೇ ಪ್ರಬಂಧ ಬರೆದೆ, ಆದರೆ ಮೇಷ್ಟ್ರು ತಿದ್ದಿದ ಮೇಲೆ ಪ್ರತಿಯೊಂದನ್ನೂ ಮತ್ತೆ ಹೊಸದಾಗಿ ಬರೆದೆ. ಕೊನೆಯ ಐದು ನಿಮಿಷ ಪರಿಶೀಲನೆಗೆ ಮೀಸಲು: ಒಂದು ಓದು ‘ಎಸ್’ಗೆ, ಇನ್ನೊಂದು ‘ಎ’ ಮತ್ತು ‘ದಿ’ಗೆ. ಎರಡನ್ನೂ ಒಂದೇ ಓದಿನಲ್ಲಿ ಹುಡುಕಿದರೆ ಎರಡೂ ತಪ್ಪಿಸಿಕೊಳ್ಳುತ್ತವೆ.

ನಾಲ್ಕು ತಿಂಗಳ ನಂತರ ಬೆಂಗಳೂರಿನಲ್ಲಿ ಎರಡನೆಯ ಸಲ, ಈ ಬಾರಿ ಕಂಪ್ಯೂಟರಿನಲ್ಲಿ ಬರೆದೆ. ಕಾಗದದ ಪರೀಕ್ಷೆಯಲ್ಲಿ ಉತ್ತರಗಳನ್ನು ಹಾಳೆಗೆ ಇಳಿಸಲು ಸಿಗುತ್ತಿದ್ದ 10 ನಿಮಿಷ ಇಲ್ಲಿಲ್ಲ, ಪರಿಶೀಲನೆಗೆ 2 ನಿಮಿಷ ಅಷ್ಟೇ. ಹೆಡ್‌ಫೋನಿನಲ್ಲಿ ಪದಗಳ ತುದಿ ಸ್ಪಷ್ಟವಾಗಿ ಕೇಳುತ್ತಿತ್ತು. ಕೇಳುವಿಕೆಗೆ 7.5, ಬರವಣಿಗೆಗೆ 6.5, ಉಳಿದೆರಡಕ್ಕೆ ಮೊದಲಿನಂತೆಯೇ 7 ಬಂತು. ನೋಂದಣಿಗೆ ಕೇಳುವ ಇಂಗ್ಲಿಷ್ ಅಂಕಕ್ಕೆ ಇಷ್ಟು ಸಾಕು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ‘ಇನ್’, ‘ಆನ್’, ‘ಅಟ್’ ಎಂದು ತಲೆಬರಹ ಬರೆದು ಬಿಟ್ಟಿದ್ದೆ. ಈ ವಾರದಿಂದ ಅದನ್ನು ತುಂಬಿಸುತ್ತಿದ್ದೇನೆ. ಬ್ರಿಟನ್ನಿನ ವಾರ್ಡಿನಲ್ಲಿ ರೋಗಿಯ ವರದಿಯನ್ನು ಬರೆಯಬೇಕಾದವಳು ನಾನೇ.