ಎಂಟ್‌ವೈಫ್‌ಗಳು ಎಲ್ಲಿ ಹೋದರು? ಟೋಲ್ಕೀನ್ ಥಿಯರಿಗಳನ್ನು ನಾನು ಪರೀಕ್ಷೆ ಮಾಡುವ ರೀತಿ

ದಿ ಲಾರ್ಡ್ ಆಫ್ ದಿ ರಿಂಗ್ಸ್ ಬರೆದ ಟೋಲ್ಕೀನ್ ಅವರನ್ನು ಓದುವವರ ಪ್ರಶ್ನೆಗಳು ಸುತ್ತಿ ಸುತ್ತಿ ಅವೇ ಬರುತ್ತವೆ. ಬಾಲ್ರಾಗ್ ಅನ್ನುವ ಬೆಂಕಿಯ ಭೂತಕ್ಕೆ ರೆಕ್ಕೆ ಇತ್ತಾ? ಹದ್ದುಗಳ ಮೇಲೆ ಕೂತು ಉಂಗುರ ನಾಶ ಮಾಡಲು ಸೀದಾ ಶತ್ರು ಸೌರಾನ್‌ನ ನಾಡಾದ ಮಾರ್ಡಾರ್‌ಗೆ ಹೋಗಬಹುದಿತ್ತು ಅಲ್ವಾ? ಕಾಡಿನಲ್ಲಿ ಹಾಡುತ್ತಾ ಓಡಾಡುವ ಟಾಮ್ ಬಾಂಬಡಿಲ್ ಅಸಲಿಗೆ ಯಾರು? ಎಂಟ್‌ವೈಫ್‌ಗಳು, ಅಂದರೆ ಎಂಟ್ ಅನ್ನುವ ಮರದಂಥ ಜೀವಿಗಳ ಹೆಂಗಸರು, ಏನಾದರು? ಇಂಥ ಒಂದು ಪ್ರಶ್ನೆ ಹಿಡಿದುಕೊಂಡು ಪುಸ್ತಕಗಳ ಮಧ್ಯೆ ಕೂರುವುದು ನನಗೆ ತುಂಬಾ ಇಷ್ಟ. ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಥಿಯರಿ ಕಟ್ಟುವುದು ಕಷ್ಟವಿಲ್ಲ, ಕಟ್ಟಿದ್ದು ನಿಲ್ಲುತ್ತದಾ ಅಂತ ನೋಡುವುದರಲ್ಲೇ ಕೆಲಸ ಜಾಸ್ತಿ. ಅದನ್ನು ಹೇಗೆ ಮಾಡುತ್ತೀರಿ ಅಂತ ಆಗಾಗ ಕೇಳುತ್ತಾರೆ, ಹಾಗಾಗಿ ಈ ಸಲ ಒಂದು ಥಿಯರಿಯನ್ನು ಪೂರ್ತಿ ಬಿಚ್ಚಿ ತೋರಿಸುತ್ತೇನೆ.

ಯಾವುದೇ ಸಾಲು ಸಿಕ್ಕಿದರೂ ನಾನು ಎರಡು ವಿಷಯ ನೋಡುತ್ತೇನೆ. ಕಥೆಯೊಳಗೆ ಇದನ್ನು ಹೇಳುತ್ತಿರುವುದು ಯಾರು, ಅವರಿಗೆ ಅದು ಹೇಗೆ ಗೊತ್ತು? ಕಥೆಯ ಹೊರಗೆ, ಟೋಲ್ಕೀನ್ ಇದನ್ನು ಬರೆದದ್ದು ಯಾವಾಗ? ಅಭಿಮಾನಿಗಳ ನಡುವೆ ನಾನು ನೋಡಿರುವ ಬಹಳಷ್ಟು ಜಗಳಗಳು ಇಷ್ಟನ್ನು ಕೇಳಿಕೊಂಡಿದ್ದರೆ ಅಲ್ಲೇ ಮುಗಿಯುತ್ತಿದ್ದವು.

ವರ್ಷ ಯಾಕೆ ಮುಖ್ಯ ಅಂದರೆ, ಈ ಲೋಕ ಒಂದೇ ಸಲಕ್ಕೆ ಬರೆದದ್ದಲ್ಲ. ದಿ ಹಾಬಿಟ್ ಬಂದದ್ದು 1937ರಲ್ಲಿ. ದಿ ಲಾರ್ಡ್ ಆಫ್ ದಿ ರಿಂಗ್ಸ್ 1954 ಮತ್ತು 1955ರಲ್ಲಿ ಮೂರು ಭಾಗವಾಗಿ ಬಂತು. ಟೋಲ್ಕೀನ್ ತೀರಿಕೊಂಡದ್ದು 1973ರಲ್ಲಿ. ಆಮೇಲೆ ಮಗ ಕ್ರಿಸ್ಟೋಫರ್ ಅಪ್ಪನ ಹಸ್ತಪ್ರತಿಗಳನ್ನೆಲ್ಲ ಜೋಡಿಸಿ 1977ರಲ್ಲಿ ಸಿಲ್ಮರಿಲಿಯನ್, 1980ರಲ್ಲಿ ಅನ್‌ಫಿನಿಶ್ಡ್ ಟೇಲ್ಸ್, 1983ರಿಂದ 1996ರ ವರೆಗೆ ಹಿಸ್ಟರಿ ಆಫ್ ಮಿಡಲ್ ಅರ್ತ್‌ನ 12 ಸಂಪುಟಗಳನ್ನು ಹೊರತಂದರು. ಮಧ್ಯೆ 1981ರಲ್ಲಿ ಪತ್ರಗಳ ಸಂಕಲನವೂ ಬಂತು. ಇಷ್ಟು ರಾಶಿಯಲ್ಲಿ ಒಂದೇ ಪ್ರಶ್ನೆಗೆ ಎರಡು ಮೂರು ಉತ್ತರ ಸಿಕ್ಕೇ ಸಿಗುತ್ತವೆ. ಪಂಪನ ದ್ರೌಪದಿ ಅರ್ಜುನನೊಬ್ಬನನ್ನೇ ಮದುವೆಯಾಗುತ್ತಾಳೆ, ಕುಮಾರವ್ಯಾಸನ ದ್ರೌಪದಿ ಐವರನ್ನೂ. ನಾವು ಗಾಬರಿ ಬೀಳುವುದಿಲ್ಲ, ಯಾವ ಭಾರತ ಅಂತ ಕೇಳಿ ಮುಂದೆ ಹೋಗುತ್ತೇವೆ. ಟೋಲ್ಕೀನ್ ವಿಷಯದಲ್ಲಿ ತೊಡಕು ಏನೆಂದರೆ, ಎಲ್ಲ ಪಾಠಗಳೂ ಒಬ್ಬನೇ ಲೇಖಕನವು.

ನನ್ನ ನೋಟ್‌ಬುಕ್‌ನಲ್ಲಿ ಅವರು ಬದುಕಿದ್ದಾಗ ಪ್ರಕಟವಾದದ್ದಕ್ಕೆ ಮೊದಲ ಸ್ಥಾನ. ಪತ್ರಗಳು ಮತ್ತು ಕೊನೆಗಾಲದ ಟಿಪ್ಪಣಿಗಳು ಅದರ ಕೆಳಗೆ. ಹಳೆಯ ಕರಡುಗಳು ಇನ್ನೂ ಕೆಳಗೆ, ಯಾಕಂದ್ರೆ ಒಂದು ಯೋಚನೆ ಎಲ್ಲಿಂದ ಬಂತು ಅಂತ ಅವು ತೋರಿಸುತ್ತವೆ, ಕಥೆಯಲ್ಲಿ ಏನು ನಡೆಯಿತು ಅಂತ ಸಾಬೀತು ಮಾಡುವುದಿಲ್ಲ. ಸಿನಿಮಾಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಈಗ ಎಂಟ್‌ವೈಫ್‌ಗಳ ವಿಷಯಕ್ಕೆ ಬರೋಣ. ಎಂಟ್‌ಗಳು ಅಂದರೆ ಮರಗಳನ್ನು ಕಾಯುವವರು, ನಡೆದಾಡುವ ಮರದಂಥವರು. ಅವರ ಹೆಂಗಸರು ಕಾಣೆಯಾಗಿ ಯುಗವೇ ಕಳೆದಿದೆ. ಅಭಿಮಾನಿಗಳಿಗೆ ತುಂಬಾ ಪ್ರಿಯವಾದ ಥಿಯರಿ ಏನೆಂದರೆ, ಅವರು ಕುಳ್ಳ ಜನರಾದ ಹಾಬಿಟ್‌ಗಳ ಊರು ಶೈರ್‌ನ ಹತ್ತಿರ ಎಲ್ಲೋ ಬದುಕಿದ್ದಾರೆ.

ಮೊದಲು ಎಲ್ಲ ಸಾಕ್ಷಿ ಒಟ್ಟುಮಾಡಬೇಕು. ಇಲ್ಲಿ ಒಂದು ಮಾತು. ಇ-ಬುಕ್‌ನಲ್ಲಿ ಹೆಸರು ಹಾಕಿ ಸರ್ಚ್ ಮಾಡಿ, ಬಂದಷ್ಟೇ ಸಾಕು ಅಂತ ಬಿಡಬೇಡಿ. ಎಂಟ್‌ವೈಫ್ ಅಂತ ಹುಡುಕಿದರೆ ಈ ಥಿಯರಿಯ ಅತಿ ಮುಖ್ಯ ಸಾಕ್ಷಿಯೇ ಸಿಗುವುದಿಲ್ಲ, ಯಾಕಂದ್ರೆ ಆ ಪುಟದಲ್ಲಿ ಆ ಹೆಸರೇ ಇಲ್ಲ. ತೋಟ, ಎಲ್ಮ್ ಮರ, ನಡೆಯುವುದು, ಹೀಗೆ ಸುತ್ತಮುತ್ತಲಿನ ಪದಗಳನ್ನೂ ಹುಡುಕಬೇಕು. ಅದಾದ ಮೇಲೂ ಪುಸ್ತಕವನ್ನು ಕೂತು ಓದಲೇಬೇಕು.

ಆ ಸಾಕ್ಷಿ ಇರುವುದು ದಿ ಲಾರ್ಡ್ ಆಫ್ ದಿ ರಿಂಗ್ಸ್ ಕಥೆಯ ಶುರುವಿನಲ್ಲೇ, ಎರಡನೇ ಅಧ್ಯಾಯದಲ್ಲಿ. ಗ್ರೀನ್ ಡ್ರ್ಯಾಗನ್ ಅನ್ನುವ ಹೆಂಡದಂಗಡಿಯಲ್ಲಿ ಸ್ಯಾಮ್ ಮತ್ತು ಟೆಡ್ ಸ್ಯಾಂಡಿಮನ್ ಅನ್ನುವ ಇಬ್ಬರು ಹಾಬಿಟ್‌ಗಳು ಮಾತಾಡುತ್ತಿದ್ದಾರೆ. ತನ್ನ ಕಸಿನ್ ಹ್ಯಾಲ್ ಉತ್ತರದ ಬಯಲಿನ ಕಡೆ ಎಲ್ಮ್ ಮರದಷ್ಟು ದೊಡ್ಡದೊಂದು ನಡೆದು ಹೋಗುವುದನ್ನು ನೋಡಿದ, ಒಂದು ಹೆಜ್ಜೆಗೆ 7 ಗಜ ದಾಟುತ್ತಿತ್ತು ಅಂತ ಸ್ಯಾಮ್ ಹೇಳುತ್ತಾನೆ. ಅವನು ನೋಡಿದ್ದು ಎಲ್ಮ್ ಮರವನ್ನೇ ಇರಬೇಕು ಅಂತ ಟೆಡ್ ನಗುತ್ತಾನೆ. ಆ ಬಯಲಿನಲ್ಲಿ ಎಲ್ಮ್ ಮರವೇ ಇಲ್ಲವಲ್ಲ ಅಂತ ಸ್ಯಾಮ್ ವಾಪಸ್ ಕೊಡುತ್ತಾನೆ. ಹಾಗಾದರೆ ಹ್ಯಾಲ್ ಅದನ್ನು ನೋಡಿರಲಿಕ್ಕೇ ಇಲ್ಲ ಅಂತ ಟೆಡ್ ಅನ್ನುತ್ತಾನೆ, ಆ ವಿಷಯ ಅಲ್ಲಿಗೇ ನಿಲ್ಲುತ್ತದೆ.

ಮುಂದಿನ ತುಂಡು ಸಿಗುವುದು ನದಿಯ ಮೇಲೆ. ಉಂಗುರ ನಾಶ ಮಾಡಲು ಹೊರಟ ಸಂಗಡಿಗರೆಲ್ಲ ದೋಣಿಯಲ್ಲಿ ಆಂಡುಯಿನ್ ನದಿ ಇಳಿಯುವಾಗ ಪೂರ್ವದ ದಡದಲ್ಲಿ ಹುಲ್ಲುಕಡ್ಡಿಯೂ ಇಲ್ಲದ ಸುಟ್ಟ ನೆಲ ಕಾಣುತ್ತದೆ. ಯುದ್ಧವೋ ರೋಗವೋ ಶತ್ರುವಿನ ಕೆಲಸವೋ, ಅದು ಹಾಗಾದದ್ದು ಹೇಗೆ ಅಂತ ಅವರ ಮುಂದಾಳು ಅರಗೋರ್ನ್‌ಗೂ ಗೊತ್ತಿಲ್ಲ. ಉತ್ತರ ಬರುವುದು ಮುಂದಿನ ಭಾಗದಲ್ಲಿ, ಟ್ರೀಬಿಯರ್ಡ್ ಅನ್ನುವ ಹಳೆಯ ಎಂಟ್‌ನ ಬಾಯಿಂದ. ಎಂಟ್‌ವೈಫ್‌ಗಳಿಗೆ ಕಾಡಿಗಿಂತ ತೋಟ ಇಷ್ಟ. ಅವರು ನದಿ ದಾಟಿ ಹೋಗಿ ಹೊಲ ಮಾಡಿದರು, ಮನುಷ್ಯರಿಗೂ ಬೇಸಾಯ ಕಲಿಸಿದರು. ಸೌರಾನ್‌ನ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಟ್ರೀಬಿಯರ್ಡ್ ಹೋಗಿ ನೋಡಿದರೆ ತೋಟಗಳೆಲ್ಲ ಸುಟ್ಟು ಬೇರುಸಹಿತ ಕಿತ್ತುಹೋಗಿದ್ದವು. ಆ ಜಾಗವನ್ನೇ ಈಗ ಬ್ರೌನ್ ಲ್ಯಾಂಡ್ಸ್ ಅನ್ನುತ್ತಾರೆ ಅಂತ ಅವನು ಹೇಳಿದಾಗ, ದೋಣಿಯಿಂದ ನೋಡಿದ ಆ ನೆಲ ತಟ್ಟನೆ ನೆನಪಾಗುತ್ತದೆ. ನೂರಾರು ಪುಟ ದೂರದ ಎರಡು ತುಂಡುಗಳು ಹೀಗೆ ಒಂದಕ್ಕೊಂದು ಕೂಡಿಕೊಳ್ಳುವುದು ನೋಡಿದರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಅವರು ಎತ್ತ ಹೋದರು ಅಂತ ಎಂಟ್‌ಗಳು ಸಿಕ್ಕಿದವರನ್ನೆಲ್ಲ ಕೇಳಿದರು. ನೋಡಿಯೇ ಇಲ್ಲ ಅಂದರು ಕೆಲವರು. ಪಶ್ಚಿಮಕ್ಕೆ ಅಂದರು ಕೆಲವರು, ಪೂರ್ವಕ್ಕೆ, ದಕ್ಷಿಣಕ್ಕೆ ಅಂದವರೂ ಇದ್ದರು. ಶೈರ್ ಇರುವುದು ಪಶ್ಚಿಮದಲ್ಲೇ. ಅದರ ಮೇಲೆ, ನಿಮ್ಮ ಊರು ಅವರಿಗೆ ಇಷ್ಟವಾಗುತ್ತಿತ್ತು ಅಂತ ಟ್ರೀಬಿಯರ್ಡ್ ಹಾಬಿಟ್‌ಗಳಾದ ಮೆರ್ರಿ ಮತ್ತು ಪಿಪ್ಪಿನ್‌ಗೆ ಹೇಳುತ್ತಾನೆ. ಕಥೆಯ ಕೊನೆಯಲ್ಲಿ ಬೀಳ್ಕೊಡುವಾಗಲೂ, ನಿಮ್ಮ ಕಡೆ ಅವರ ಸುದ್ದಿ ಏನಾದರೂ ಸಿಕ್ಕಿದರೆ ಹೇಳಿ ಕಳಿಸಿ ಅಂತ ಕೇಳಿಕೊಳ್ಳುತ್ತಾನೆ. ಇಷ್ಟು ಓದಿದ ಮೇಲೆ ಹ್ಯಾಲ್ ನೋಡಿದ್ದು ಎಂಟ್‌ವೈಫ್ ಅನ್ನದೆ ಇರುವುದೇ ಕಷ್ಟ!

ಆದರೆ ಇಲ್ಲಿಂದ ಪರೀಕ್ಷೆ ಶುರು. ಯಾರು ಹೇಳಿದ್ದು? ಹ್ಯಾಲ್ ನೋಡಿದ್ದು, ಸ್ಯಾಮ್ ಕೇಳಿದ್ದು, ಹೆಂಡದಂಗಡಿಯಲ್ಲಿ ಆಡಿದ್ದು. ದೂರದಿಂದ ನೋಡಿದ ಅಂದಾಜು ಅದು. ಇರಲಿ, ಅಳತೆಯನ್ನೇ ನಂಬೋಣ. 7 ಗಜ ಅಂದರೆ 21 ಅಡಿ, ಸುಮಾರು 6.4 ಮೀಟರ್. ಟ್ರೀಬಿಯರ್ಡ್‌ನ ಎತ್ತರ ಪುಸ್ತಕದಲ್ಲಿ ಕಡಿಮೆ ಅಂದರೆ 14 ಅಡಿ ಅಂತಿದೆ. 14 ಅಡಿ ಆಳು 21 ಅಡಿ ಹೆಜ್ಜೆ ಹಾಕುವುದು ಹೇಗೆ? ಇನ್ನೊಂದು ಅಂಕಿಯೂ ಇದೆ. ಬೆಳಿಗ್ಗೆ ಬೆಟ್ಟದ ಹತ್ತಿರ ಹಾಬಿಟ್‌ಗಳನ್ನು ಎತ್ತಿಕೊಂಡು ಹೊರಟ ಟ್ರೀಬಿಯರ್ಡ್ ಸಂಜೆ ಮನೆ ಮುಟ್ಟಿದಾಗ, ಸುಮಾರು 70,000 ಎಂಟ್ ಹೆಜ್ಜೆ ನಡೆದೆ ಅನ್ನುತ್ತಾನೆ. ಹ್ಯಾಲ್‌ನ ಅಳತೆಯಲ್ಲಿ ಗುಣಿಸಿದರೆ 448 ಕಿಲೋಮೀಟರ್ ಆಗುತ್ತದೆ. ದಟ್ಟ ಕಾಡಿನಲ್ಲಿ, ಒಂದೇ ಹಗಲಿಗೆ. ಆಗದ ಮಾತು. ಅಂದರೆ ಹ್ಯಾಲ್ ಜಾಸ್ತಿ ಮಾಡಿ ಹೇಳಿದ್ದಾನೆ, ಇಲ್ಲವೇ ಅವನು ನೋಡಿದ್ದು ಟ್ರೀಬಿಯರ್ಡ್‌ನಂಥವರನ್ನಲ್ಲ, ಇನ್ನೂ ಬಹಳ ದೊಡ್ಡ ಏನನ್ನೋ.

ಅದಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಸ್ವಭಾವ. ಟ್ರೀಬಿಯರ್ಡ್‌ನ ನೆನಪಿನಲ್ಲಿ ಎಂಟ್‌ವೈಫ್‌ಗಳು ಹೊಲದಲ್ಲಿ ದುಡಿದು ದುಡಿದು ಬಾಗಿದವರು, ಬಿಸಿಲಿಗೆ ಕಂದಿದವರು, ಮಾಗಿದ ತೆನೆಯ ಬಣ್ಣದ ಕೂದಲಿನವರು. ಅಂಥವರು ಬರಡು ಬಯಲಿನಲ್ಲಿ ಒಂಟಿಯಾಗಿ ಯಾಕೆ ಅಲೆಯುತ್ತಾರೆ? ಶೈರ್‌ಗೆ ಬಂದಿದ್ದರೆ ಅವರು ಸಿಗಬೇಕಾದದ್ದು ತೋಟಗಳ ಹತ್ತಿರ, ಹಾಬಿಟ್‌ಗಳ ಕಣ್ಣೆದುರಿಗೇ.

ಇನ್ನು, ಯಾವಾಗ ಬರೆದದ್ದು? ನಡೆಯುವ ಮರದ ಈ ಮಾತುಕತೆಯ ಬೇರು ತುಂಬಾ ಹಳೆಯ ಕರಡಿನಲ್ಲಿದೆ, ಎಂಟ್‌ಗಳ ಕಲ್ಪನೆ ಇನ್ನೂ ಮೂಡಿರದ ಕಾಲದ್ದು. ಆಗಿನ ಟಿಪ್ಪಣಿಗಳಲ್ಲಿ ಟ್ರೀಬಿಯರ್ಡ್ ಅನ್ನುವವನು ಮಾಂತ್ರಿಕ ಗ್ಯಾಂಡಾಲ್ಫ್‌ನನ್ನು ಸೆರೆ ಹಿಡಿದಿಟ್ಟ ಒಬ್ಬ ಕೆಟ್ಟ ದೈತ್ಯ. ಅಂದರೆ ಹ್ಯಾಲ್‌ನ ಸಾಲು ಬರೆದಾಗ ಎಂಟ್‌ವೈಫ್‌ಗಳು ಲೇಖಕರ ತಲೆಯಲ್ಲೇ ಇರಲಿಲ್ಲ. ಥಿಯರಿ ಪರವಾಗಿ ವಾದ ಮಾಡುವವರು, ಆಮೇಲೂ ಆ ಸಾಲನ್ನು ಅವರು ತೆಗೆಯಲಿಲ್ಲವಲ್ಲ ಅನ್ನುತ್ತಾರೆ. ಒಳ್ಳೆಯ ವಾದ, ಅದಕ್ಕೆ ನನ್ನ ನೋಟ್‌ಬುಕ್‌ನಲ್ಲಿ ಜಾಗ ಕೊಟ್ಟಿದ್ದೇನೆ.

ಕೊನೆಗೆ ಪತ್ರಗಳು. 1954ರ ಏಪ್ರಿಲ್‌ನಲ್ಲಿ, ಪುಸ್ತಕ ಬರುವ ಮೊದಲೇ, ಲೇಖಕಿ ನವೋಮಿ ಮಿಚಿಸನ್ ಅವರಿಗೆ ಬರೆದ ಪತ್ರದಲ್ಲಿ ಟೋಲ್ಕೀನ್ ಇದರ ಬಗ್ಗೆ ಹೇಳಿದ್ದಾರೆ. ಕಥೆಯ ಎರಡನೇ ಯುಗದ 3429ರಿಂದ 3441ರ ವರೆಗೆ ಸೌರಾನ್ ವಿರುದ್ಧ ನಡೆದ ಲಾಸ್ಟ್ ಅಲಯನ್ಸ್ ಯುದ್ಧದಲ್ಲಿ ಎಂಟ್‌ವೈಫ್‌ಗಳು ತೋಟಗಳ ಜೊತೆಗೇ ನಾಶವಾದರು ಅಂತ ತಮಗೆ ಅನ್ನಿಸುತ್ತದೆ, ಕೆಲವರು ಪೂರ್ವಕ್ಕೆ ಓಡಿಹೋಗಿರಬಹುದು, ಗುಲಾಮರೂ ಆಗಿರಬಹುದು ಅನ್ನುತ್ತಾರೆ. ನಿರಂಕುಶ ರಾಜನಿಗೂ ಸೈನ್ಯ ಸಾಕಲು ಬೇಸಾಯ ಬೇಕಲ್ಲ ಅನ್ನುವುದು ಅವರ ತರ್ಕ. 1972ರಲ್ಲಿ, ಸಾಯುವ ಹಿಂದಿನ ವರ್ಷ, ಇನ್ನೊಬ್ಬರಿಗೆ ಬರೆಯುವಾಗ ಮಾತ್ರ ತಮಗೆ ಗೊತ್ತಿಲ್ಲ ಅಂತಾರೆ. ಆದರೆ ಕಥೆಯ ಇತಿಹಾಸದೊಳಗೆ ಎಂಟ್‌ಗಳೂ ಎಂಟ್‌ವೈಫ್‌ಗಳೂ ಮತ್ತೆ ಸೇರುವುದಿಲ್ಲ ಅನ್ನುವುದು ಪುಸ್ತಕದಲ್ಲೇ ಸ್ಪಷ್ಟವಿದೆ ಅಂತ ಸೇರಿಸುತ್ತಾರೆ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಹ್ಯಾಲ್ ಏನನ್ನೋ ನೋಡಿದ್ದು ನಿಜ ಇರಬಹುದು, ಅದು ಎಂಟ್‌ವೈಫ್ ಅಲ್ಲ. ಯಾರಾದರೂ ಉಳಿದಿದ್ದರೆ ಪೂರ್ವದಲ್ಲಿ ಉಳಿದಿರಬೇಕು. ಪೂರ್ವದ ನೆಲ ಇನ್ನು ನಿಮಗೆ ತೆರೆದಿರುತ್ತದೆ ಅಂತ ಅರಗೋರ್ನ್ ಕೊನೆಯಲ್ಲಿ ಹೇಳಿದಾಗ, ಅದು ತುಂಬಾ ದೂರ, ಅಲ್ಲಿ ಮನುಷ್ಯರೂ ಜಾಸ್ತಿ ಅಂತ ಟ್ರೀಬಿಯರ್ಡ್ ತಲೆಯಾಡಿಸುತ್ತಾನೆ. ಆ ಪುಟ ಓದುವಾಗಲೆಲ್ಲ ನನಗೆ ಶೈರ್ ಥಿಯರಿಯೇ ನಿಜವಾಗಿರಬಾರದಿತ್ತೇ ಅನ್ನಿಸುತ್ತದೆ.

ಉಳಿದ ಪ್ರಶ್ನೆಗಳಿಗೂ ಇದೇ ದಾರಿ. ಗ್ಲೋರ್‌ಫಿಂಡೆಲ್ ಅನ್ನುವ ಎಲ್ಫ್‌ನ ಹೆಸರು ಎರಡು ಕಡೆ ಬರುತ್ತದೆ. ಒಬ್ಬ ಗಾಂಡೋಲಿನ್ ನಗರ ಬಿದ್ದಾಗ ಬಾಲ್ರಾಗ್ ಜೊತೆ ಹೋರಾಡಿ ಸತ್ತವನು, ಇನ್ನೊಬ್ಬ ಯುಗಗಳ ನಂತರ ಉಂಗುರ ಹೊತ್ತ ಫ್ರೋಡೋನನ್ನು ಕಾಪಾಡಿದವನು. ಕೊನೆಯ ವರ್ಷಗಳ ಬರಹದಲ್ಲಿ ಟೋಲ್ಕೀನ್ ಇಬ್ಬರೂ ಒಬ್ಬನೇ, ಸತ್ತವನು ಮತ್ತೆ ದೇಹ ಪಡೆದು ಬಂದ ಅಂತ ತೀರ್ಮಾನ ಮಾಡಿದರು. ಹೆಸರು ಮೊದಲು ಬಂತು, ಕಾರಣ ಆಮೇಲೆ. ಪೂರ್ವಕ್ಕೆ ಹೋದ ಇಬ್ಬರು ನೀಲಿ ಮಾಂತ್ರಿಕರದ್ದು ಇದಕ್ಕೆ ತಿರುಗುಮುರುಗು. 1958ರ ಪತ್ರದಲ್ಲಿ ಅವರು ಸೋತಿರಬೇಕು ಅನ್ನುವ ಅನುಮಾನ ಇದೆ, ಕೊನೆಗಾಲದ ಟಿಪ್ಪಣಿಯಲ್ಲಿ ಅದೇ ಇಬ್ಬರು ಪೂರ್ವದಲ್ಲಿ ಸೌರಾನ್‌ನ ಬಲ ಕುಗ್ಗಿಸಿದವರಾಗುತ್ತಾರೆ. ಇಲ್ಲಿ ಒಂದೇ ಉತ್ತರ ಬೇಕು ಅಂತ ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ, ಎರಡನ್ನೂ ವರ್ಷದ ಸಮೇತ ಹೇಳಬೇಕು.

ಈ ಇಡೀ ಲೋಕದಲ್ಲಿ ನನಗೆ ಅತಿ ಚೆಂದ ಕಂಡ ತೇಪೆ ಉಂಗುರದ್ದು. 1937ರ ಹಾಬಿಟ್‌ನಲ್ಲಿ ಗಾಲಮ್ ಅನ್ನುವ ಗುಹೆಯ ಜೀವಿ ಒಗಟಿನ ಪಂದ್ಯಕ್ಕೆ ಉಂಗುರವನ್ನೇ ಬಹುಮಾನವಾಗಿ ಒಡ್ಡುತ್ತಾನೆ, ಸೋತ ಮೇಲೆ ಬಿಲ್ಬೋ ಅನ್ನುವ ಹಾಬಿಟ್‌ಗೆ ದಾರಿಯನ್ನೂ ತೋರಿಸುತ್ತಾನೆ. ಮುಂದಿನ ಕಥೆಗೆ ಇದು ಹೊಂದುವುದಿಲ್ಲ, ಆ ಉಂಗುರವನ್ನು ಅವನು ಕೈಯಾರೆ ಕೊಡುವುದು ಸಾಧ್ಯವೇ ಇಲ್ಲ. 1951ರ ಆವೃತ್ತಿಯಲ್ಲಿ ಆ ಅಧ್ಯಾಯ ಬದಲಾಯಿತು. ಹಳೆಯದನ್ನು ಟೋಲ್ಕೀನ್ ಸುಮ್ನೆ ಎಸೆಯಲಿಲ್ಲ, ಅದು ಬಿಲ್ಬೋ ಹೇಳಿದ ಸುಳ್ಳು ಅಂತ ಕಥೆಯೊಳಗೇ ತಂದರು. ಉಂಗುರ ಅವನನ್ನು ಆಗಲೇ ಕೆಡಿಸಲು ಶುರುಮಾಡಿತ್ತು ಅನ್ನುವುದಕ್ಕೆ ಆ ಸುಳ್ಳೇ ಗುರುತಾಯಿತು.

ಹದ್ದುಗಳ ಪ್ರಶ್ನೆ ಬೇಗ ಮುಗಿಯುತ್ತದೆ. ನನ್ನನ್ನು ಎಷ್ಟು ದೂರ ಹೊರಬಲ್ಲೆ ಅಂತ ಗ್ಯಾಂಡಾಲ್ಫ್ ಕೇಳಿದಾಗ, ನನ್ನನ್ನು ಕಳಿಸಿದ್ದು ಸುದ್ದಿ ಹೊರಲು, ಭಾರ ಹೊರಲು ಅಲ್ಲ ಅನ್ನುತ್ತಾನೆ ಗ್ವೈಹಿರ್ ಅನ್ನುವ ಹದ್ದು. ಬಾಲ್ರಾಗ್ ರೆಕ್ಕೆಯೂ ಅಷ್ಟೇ. ಅದರ ಸುತ್ತಲಿನ ನೆರಳು ಎರಡು ದೊಡ್ಡ ರೆಕ್ಕೆಗಳ ಹಾಗೆ ಚಾಚಿತು ಅಂತ ಮೊದಲು ಬರುತ್ತದೆ, ರೆಕ್ಕೆ ಗೋಡೆಯಿಂದ ಗೋಡೆಗೆ ಹರಡಿತು ಅಂತ ಆಮೇಲೆ. ನಾನು ಎರಡನೆಯದನ್ನು ಮೊದಲನೆಯದರ ಮುಂದುವರಿಕೆ ಅಂತ ಓದುತ್ತೇನೆ, ಅವು ನೆರಳಿನವು. ಬಾಂಬಡಿಲ್ ಹತ್ತಿರ ಮಾತ್ರ ನಾನು ಥಿಯರಿ ಕಟ್ಟುವುದಿಲ್ಲ, ಅವನನ್ನು ಬೇಕಂತಲೇ ಒಗಟಾಗಿ ಇಟ್ಟಿದ್ದೇನೆ ಅಂತ ಅದೇ 1954ರ ಪತ್ರದಲ್ಲಿ ಟೋಲ್ಕೀನ್ ಬರೆದಿದ್ದಾರೆ.

ಸದ್ಯ ನಾನು ಕೂತಿರುವುದು ಮೋರಿಯಾ ಅನ್ನುವ ಹಳೆಯ ಗಣಿಯ ಕೆಳಗಿನ ಹೆಸರಿಲ್ಲದ ಜೀವಿಗಳ ಮೇಲೆ. ಭೂಮಿಯ ಆಳವನ್ನು ಕೊರೆಯುವ ಅವುಗಳ ವಿಷಯ ಸೌರಾನ್‌ಗೂ ಗೊತ್ತಿಲ್ಲ, ಅವು ಅವನಿಗಿಂತ ಹಳೆಯವು ಅಂತ ಗ್ಯಾಂಡಾಲ್ಫ್ ಹೇಳುತ್ತಾನೆ. ಆದರೆ ಸಿಲ್ಮರಿಲಿಯನ್ ಪ್ರಕಾರ ಸೌರಾನ್ ಮಾಯಾ ಅನ್ನುವ ದೇವತೆಯಂಥವರಲ್ಲಿ ಒಬ್ಬ, ಅಂದರೆ ಲೋಕ ಹುಟ್ಟುವ ಮೊದಲೇ ಇದ್ದವನು. ಅವನಿಗಿಂತ ಹಳೆಯದು ಈ ಲೋಕದಲ್ಲಿ ಇರುವುದು ಹೇಗೆ? ಅವನು ಇಲ್ಲಿಗೆ ಬಂದ ಕಾಲದಿಂದ ಎಣಿಸಬೇಕು ಅನ್ನುವುದು ನನ್ನ ಈಗಿನ ಊಹೆ. ಅದನ್ನು ಮುರಿಯುವ ಸಾಲು ಯಾರಿಗಾದರೂ ಗೊತ್ತಿದ್ದರೆ ಪುಸ್ತಕ, ಅಧ್ಯಾಯ ಸಮೇತ ತಿಳಿಸಿ.